ವೆಂಡರ್ ಸರ್ವರ್‌ನಿಂದ ಡೇಟಾ ಸೋರಿದರೆ ಹೊಣೆ ಯಾರದು? ಕರಾರಿನಲ್ಲಿ ಏನು ಬರೆಸಬೇಕು?

ಕರಡುಪ್ರತಿ:
ಕಕ್ಷಿದಾರರದ್ದು ಹುಬ್ಬಳ್ಳಿಯ ಒಂದು ಲ್ಯಾಬ್, ಪ್ರೈವೇಟ್ ಲಿಮಿಟೆಡ್ ಕಂಪನಿ. ರೋಗಿಗಳ ಹೆಸರು, ಫೋನ್ ನಂಬರ್, ರಿಪೋರ್ಟ್ ಎಲ್ಲವೂ ಸಾಫ್ಟ್‌ವೇರ್ ವೆಂಡರ್‌ನ ಕ್ಲೌಡ್‌ನಲ್ಲಿವೆ. ವೆಂಡರ್ ಕಳಿಸಿದ ಕರಡಿನಲ್ಲಿ ಸೋರಿಕೆಯಾದರೆ "ಸಕಾಲದಲ್ಲಿ ತಿಳಿಸಲಾಗುವುದು" ಎಂದಷ್ಟೇ ಇದೆ. ಹೊಣೆಗೆ 12 ತಿಂಗಳ ಶುಲ್ಕದ ಮಿತಿ. ಡಿಪಿಡಿಪಿ ಕಾಯ್ದೆಯ (2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ) ಮುಖ್ಯ ಕಲಂಗಳು 2027ರ ಮೇ ತಿಂಗಳಲ್ಲಿ ಜಾರಿಯಾಗಬೇಕಷ್ಟೆ. ಈಗಲೇ ಪಟ್ಟು ಹಿಡಿಯಬೇಕೆ?

ಕಲಂ70ಬಿ:
ಹಿಡಿಯಲೇಬೇಕು ಸರ್. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 28 ಏಪ್ರಿಲ್ 2022ರ ನಿರ್ದೇಶನ ಈಗಾಗಲೇ ಜಾರಿಯಲ್ಲಿದೆ. ಸೋರಿಕೆ ತಾವೇ ಗಮನಿಸಿದ, ಇಲ್ಲವೇ ಬೇರೆಯವರು ಗಮನಕ್ಕೆ ತಂದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಹೋಗಬೇಕು. ಅದು ಲ್ಯಾಬಿಗೂ ಅನ್ವಯ, ವೆಂಡರ್‌ಗೂ ಅನ್ವಯ. ಪೂರ್ತಿ ತನಿಖೆ ಮುಗಿಯಲಿ ಎಂದು ಕಾಯುವುದೇ ಎಲ್ಲರೂ ಮಾಡುವ ತಪ್ಪು. ಆ ಹೊತ್ತಿಗೆ ಗೊತ್ತಿರುವಷ್ಟನ್ನು ಕಳಿಸಿ, ಉಳಿದದ್ದನ್ನು ಆಮೇಲೆ ಸೇರಿಸಬಹುದು.

ಜೊತೆಗೆ ಐಟಿ ಕಾಯ್ದೆಯ 43ಎ ಇನ್ನೂ ಜೀವಂತ. 2011ರ ನಿಯಮಗಳ ಪ್ರಕಾರ ವೈದ್ಯಕೀಯ ದಾಖಲೆ ಸೂಕ್ಷ್ಮ ಮಾಹಿತಿ. ಭದ್ರತೆಯಲ್ಲಿ ಅಲಕ್ಷ್ಯ ತೋರಿ ನಷ್ಟವಾದರೆ ರೋಗಿ ಪರಿಹಾರ ಕೇಳಬಹುದು. 5 ಕೋಟಿ ರೂಪಾಯಿವರೆಗಿನ ದಾವೆ ಕಲಂ 46ರಡಿ ನ್ಯಾಯನಿರ್ಣಯ ಅಧಿಕಾರಿಯ ಮುಂದೆ. ಡಿಪಿಡಿಪಿ ಪೂರ್ಣ ಜಾರಿಯಾದಾಗ 43ಎ ರದ್ದಾಗುತ್ತದೆ, ದಂಡದ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ರೋಗಿಯ ಕೈಗೆ ಏನೂ ಬರದು. ನನ್ನ ಮಟ್ಟಿಗೆ ಆ ಕಾಯ್ದೆಯ ದೊಡ್ಡ ಕೊರತೆ ಇದೇ.

ಒಪ್ಪಂದಮನೆ:
"ಸಕಾಲದಲ್ಲಿ" ಪದವನ್ನು ಹೊಡೆದುಹಾಕಿ. ಅನುಮಾನ ಬಂದ 2 ಗಂಟೆಯೊಳಗೆ, ಹೆಸರಿಸಿದ ಇಬ್ಬರಿಗೆ, ಫೋನ್ ಮತ್ತು ಇಮೇಲ್ ಎರಡರಲ್ಲೂ ತಿಳಿಸಬೇಕು ಎಂದು ಬರೆಸಿ. "ಸೋರಿಕೆ ದೃಢಪಟ್ಟ ಮೇಲೆ" ಎಂಬ ಮಾತಿಗೆ ಒಪ್ಪಬೇಡಿ, ದೃಢಪಡಿಸಿಕೊಳ್ಳಲು ವಾರಗಳೇ ಹಿಡಿಯುತ್ತವೆ. ವೆಂಡರ್ ಕೆಲಸವನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಟ್ಟಿದ್ದರೆ ಅವರ ಪಟ್ಟಿ ಅನುಬಂಧದಲ್ಲಿರಲಿ, ಅವರ ಗಡುವು 1 ಗಂಟೆ.

ಡಿಪಿಡಿಪಿ ಜಾರಿಯಾದ ಮೇಲೆ ಅದರ ಕಲಂ 8(1)ರ ಪ್ರಕಾರ ಕರಾರು ಏನೇ ಹೇಳಲಿ, ವೆಂಡರ್‌ನ ತಪ್ಪಿಗೂ ಲ್ಯಾಬೇ ಹೊಣೆ. ಭದ್ರತಾ ಲೋಪಕ್ಕೆ 250 ಕೋಟಿವರೆಗೆ, ಸೋರಿಕೆ ತಿಳಿಸದಿದ್ದರೆ 200 ಕೋಟಿವರೆಗೆ ದಂಡ. ರೋಗಿಗಳಿಗೂ ಆ ಕಾಯ್ದೆಯಡಿಯ ಡೇಟಾ ರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಿ, 72 ಗಂಟೆಯೊಳಗೆ ಮಂಡಳಿಗೆ ವಿವರ ಕೊಡಬೇಕು. ಹೀಗಿರುವಾಗ 12 ತಿಂಗಳ ಶುಲ್ಕ ಯಾವ ಮೂಲೆಗೆ? ಗೋಪ್ಯತೆ ಮತ್ತು ಡೇಟಾ ಸೋರಿಕೆಗೆ ಬೇರೆಯೇ ಮಿತಿ ಹಾಕಿಸಿ, ಆ ಮೊತ್ತಕ್ಕೆ ವೆಂಡರ್ ಸೈಬರ್ ವಿಮೆ ತೋರಿಸಲಿ. ವಿಮೆಯಿಲ್ಲದ ಸಣ್ಣ ಕಂಪನಿ ಎಷ್ಟು ದೊಡ್ಡ ಮೊತ್ತಕ್ಕೆ ಸಹಿ ಹಾಕಿದರೂ ವಸೂಲಾಗದು.

ಲಾಗ್‌ಪುಸ್ತಕ:
ಒಂದು ಬಿಟ್ಟುಹೋಗಿದೆ: ಲಾಗ್, ಅಂದರೆ ಸರ್ವರ್‌ನಲ್ಲಿ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ. ಸರ್ಟ್-ಇನ್ ಕೇಳುವುದು 180 ದಿನ, 2025ರ ಡಿಪಿಡಿಪಿ ನಿಯಮಗಳು ಕೇಳುವುದು 1 ವರ್ಷ. ಕರಾರಿನಲ್ಲಿ 1 ವರ್ಷವೆಂದೇ ಹಾಕಿ, ಕೇಳಿದ 4 ಗಂಟೆಯೊಳಗೆ ಪ್ರತಿ ಕೊಡಬೇಕೆಂದೂ ಸೇರಿಸಿ. ಸೋರಿಕೆಯಾದಾಗ ವೆಂಡರ್‌ನ ಹುಡುಗರು ಗಾಬರಿಯಲ್ಲಿ ಸರ್ವರ್ ಫಾರ್ಮ್ಯಾಟ್ ಮಾಡಿ ಬ್ಯಾಕಪ್ ಏರಿಸಿಬಿಡುತ್ತಾರೆ, ಸಾಕ್ಷ್ಯ ಅಲ್ಲಿಗೆ ಮುಗಿಯಿತು. ಮೊದಲು ಡಿಸ್ಕ್ ಇಮೇಜ್ (ಡಿಸ್ಕಿನ ಯಥಾವತ್ ಪ್ರತಿ) ತೆಗೆದು ಹ್ಯಾಶ್ ಮೌಲ್ಯ (ಕಡತ ಬದಲಾದರೆ ತಾನೂ ಬದಲಾಗುವ ಡಿಜಿಟಲ್ ಬೆರಳಚ್ಚು) ಬರೆದಿಡಬೇಕು. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಹಾಜರುಪಡಿಸುವಾಗ ಕೊಡಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಲೇಬೇಕು. ಭಾಗ ಎ ವೆಂಡರ್ ಕಡೆಯವರು, ಭಾಗ ಬಿ ತಜ್ಞರು ಸಹಿ ಮಾಡಬೇಕು. ಪ್ರಮಾಣಪತ್ರ ಕೊಡುವ ಬಾಧ್ಯತೆ ಕರಾರು ಮುಗಿದ ಮೇಲೂ ಉಳಿಯುವಂತೆ ಬರೆಯಿರಿ. ಜಗಳವಾಗಿ ಬೇರೆಯಾದ ವೆಂಡರ್ ಸಹಿಗೆ ಬರುವುದಿಲ್ಲ.

ಕರಡುಪ್ರತಿ:
ವೆಂಡರ್ 2 ಗಂಟೆಗೆ ಒಪ್ಪದಿದ್ದರೆ?

ಒಪ್ಪಂದಮನೆ:
3ಕ್ಕೆ ಇಳಿಯಬಹುದು. ಅದಕ್ಕಿಂತ ಹೆಚ್ಚು ಬೇಡ. ಸುದ್ದಿ ಬೇರೆ ದಾರಿಯಿಂದ ಲ್ಯಾಬಿಗೆ ಮೊದಲೇ ಮುಟ್ಟಿದ್ದರೆ 6 ಗಂಟೆ ಆಗಲೇ ಶುರುವಾಗಿರುತ್ತದೆ. ವೆಂಡರ್‌ನ ಉತ್ತರಕ್ಕೆ ಕಾದು, ಫಾರಂ ತುಂಬಿ, ಮಾಲೀಕರ ಒಪ್ಪಿಗೆ ಪಡೆಯಲು ನಿಮಗೆ ಉಳಿಯುವುದು ಮಿಕ್ಕ 3 ಗಂಟೆಯೇ.