ತಮ್ಮನ ಹಳೇ ಗಿಟಾರ್ ಸರಿ ಮಾಡಿಸಲೋ, ಹೊಸದೇ ತಗೊಳ್ಳಲೋ?

ಮಂಡ್ಯ, ಸುಭಾಷ್ ನಗರದಿಂದ:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್, ವಯಸ್ಸು 37. ಚಿಕ್ಕಂದಿನಿಂದ ಭಾವಗೀತೆ ಹಾಡುತ್ತೇನೆ. ನನ್ನ ಹಾಡಿಗೆ ನಾನೇ ಗಿಟಾರ್ ನುಡಿಸಿಕೊಳ್ಳಬೇಕು ಅನ್ನೋ ಆಸೆ ಬಹಳ ದಿನದಿಂದ ಇದೆ. ತಮ್ಮ ಕಾಲೇಜಿನಲ್ಲಿದ್ದಾಗ ತಗೊಂಡ ಸ್ಟೀಲ್ ತಂತಿ ಗಿಟಾರ್ ಎಂಟು ವರ್ಷ ಬೀರು ಮೇಲೆ ಬಿದ್ದಿತ್ತು. ಅದನ್ನು ಇಳಿಸಿ ಎರಡು ತಿಂಗಳಾಯಿತು. ಸಿ, ಜಿ, ಎ ಮೈನರ್ ಕಾರ್ಡ್‌ಗಳು (ಒಟ್ಟಿಗೆ ಹಿಡಿಯುವ ಸ್ವರಗುಂಪುಗಳು) ಹೇಗೋ ಬರುತ್ತವೆ. ಎಫ್ ಹಿಡಿದರೆ ಮಾತ್ರ ಎರಡು ತಂತಿ ಸದ್ದೇ ಮಾಡುವುದಿಲ್ಲ. ಎಡಗೈ ಬೆರಳು ಎಷ್ಟು ನೋಯುತ್ತದೆ ಅಂದರೆ ಮಾರನೇ ದಿನ ತರಕಾರಿ ಹಿಡಿದು ಹೆಚ್ಚುವುದೂ ಕಷ್ಟ.

15,000 ರೂಪಾಯಿ ಎತ್ತಿಟ್ಟಿದ್ದೇನೆ. ಹೊಸದು ತಗೊಳ್ಳಲಾ? ನೈಲಾನ್ ತಂತಿ ಮೃದು ಅಂತಾರೆ, ಅದನ್ನೇ ಈ ಗಿಟಾರಿಗೆ ಹಾಕಬಹುದಾ? ತಂತಿ ಬಿಟ್ಟು ಬೇರೆ ಏನೇನು ಬೇಕು? ಇನ್ನೊಂದು ಮಾತು. ನಮ್ಮ ಅತ್ತೆ ಸಂಗೀತ ಕಲಿತವರು. ಇದು ನಮ್ಮ ಹಾಡಿಗೆ ಹೊಂದುತ್ತಾ ಅಂತ ಕೇಳುತ್ತಾರೆ. ಏನು ಹೇಳಲಿ?

ಮೈಸೂರು, ಕುವೆಂಪುನಗರದಿಂದ:

ಮೇಡಂ, ಈಗಲೇ ದುಡ್ಡು ಖರ್ಚು ಮಾಡಬೇಡಿ. ಕೈಯಲ್ಲಿರುವುದನ್ನು ಮೊದಲು ಅಳೆದು ನೋಡಿ. ನಾನು 14 ವರ್ಷದಿಂದ ಆಫೀಸ್ ಮುಗಿಸಿ ಬಂದು ನುಡಿಸುವವನು. ಕಲಿಯುವುದನ್ನು ಅರ್ಧಕ್ಕೇ ಬಿಟ್ಟ ಎಷ್ಟೋ ಜನರ ಗಿಟಾರ್ ಕೈಗೆ ತಗೊಂಡು ನೋಡಿದ್ದೇನೆ. ಎಲ್ಲರೂ ತಮ್ಮ ಬೆರಳನ್ನೇ ದೂರಿಕೊಂಡಿರುತ್ತಾರೆ. ಬಹಳ ಸಲ ತಪ್ಪು ತಂತಿಯ ಎತ್ತರದ್ದು. ಅದಕ್ಕೆ ಆಕ್ಷನ್ ಅಂತಾರೆ.

ಮನೆಯಲ್ಲೇ ಅಳೆಯಬಹುದು. ಎಟಿಎಂ ಕಾರ್ಡ್‌ನ ದಪ್ಪ 0.76 ಮಿ.ಮೀ., ಯಾವ ಬ್ಯಾಂಕಿನದಾದರೂ ಅಷ್ಟೇ. ಅಕ್ಷರ ಉಬ್ಬಿರದ ನಾಲ್ಕೈದು ಕಾರ್ಡ್ ತಗೊಳ್ಳಿ. ಗಿಟಾರ್ ಶ್ರುತಿ ಮಾಡಿಟ್ಟುಕೊಳ್ಳಿ. ನೆಕ್, ಅಂದರೆ ಗಿಟಾರಿನ ಉದ್ದ ಹಿಡಿಯ ಮೇಲಿರುವ ಅಡ್ಡ ಲೋಹದ ಪಟ್ಟಿಗಳೇ ಫ್ರೆಟ್. 12ನೇ ಫ್ರೆಟ್ ಹತ್ತಿರ ಸಾಮಾನ್ಯವಾಗಿ ಎರಡು ಚುಕ್ಕಿ ಇರುತ್ತವೆ. ಆ ಫ್ರೆಟ್ ಮೇಲೆ, ದಪ್ಪ ತಂತಿಯ ಕೆಳಗೆ, ಕಾರ್ಡ್‌ಗಳನ್ನು ಒಂದರ ಮೇಲೊಂದು ಇಟ್ಟು ತೂರಿಸಿ. ಮೂರು ಸಲೀಸಾಗಿ ಹೋಗಿ ನಾಲ್ಕನೆಯದು ತಂತಿಗೆ ತಾಗಿದರೆ ಎತ್ತರ ಸರಿ ಇದೆ. ಸಣ್ಣ ತಂತಿಯ ಕೆಳಗೆ ಎರಡು ಹೋಗಿ ಮೂರನೆಯದು ತಾಗಬೇಕು. ನಾಲ್ಕು, ಐದು ಹೋದರೆ ಆ ಗಿಟಾರ್ ಯಾರ ಬೆರಳನ್ನಾದರೂ ನೋಯಿಸುತ್ತದೆ.

ಇನ್ನು ಎಫ್ ಏಕೆ ಬರುತ್ತಿಲ್ಲ ಅನ್ನೋದಕ್ಕೆ ಬೇರೆ ಒಂದು ಪರೀಕ್ಷೆ ಇದೆ. ಒಂದೊಂದೇ ತಂತಿಯನ್ನು 2 ಮತ್ತು 3ನೇ ಫ್ರೆಟ್ ಮಧ್ಯೆ ಒತ್ತಿ ಹಿಡಿದು 1ನೇ ಫ್ರೆಟ್ ಮೇಲೆ ನೋಡಿ. ಅಲ್ಲಿ ತಂತಿಗೂ ಫ್ರೆಟ್ಟಿಗೂ ಕೂದಲೆಳೆಯಷ್ಟು ಸಂದು ಸಾಕು. ಅದಕ್ಕಿಂತ ಜಾಸ್ತಿ ಕಂಡರೆ ನಟ್, ಅಂದರೆ ತಲೆಯ ಹತ್ತಿರ ತಂತಿ ಕೂರುವ ಪಟ್ಟಿ, ಎತ್ತರವಾಗಿದೆ. ಎಫ್ ಹಿಡಿಯುವುದು ಆ ಪಟ್ಟಿಯ ಪಕ್ಕದಲ್ಲೇ ಅಲ್ವಾ? ಅದಕ್ಕೇ ಅಲ್ಲಿ ಜಾಸ್ತಿ ಬಲ ಹಾಕಬೇಕಾಗುತ್ತದೆ. ಕೇಪೋವನ್ನು (ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) 1ನೇ ಫ್ರೆಟ್ಟಿಗೆ ಹಾಕಿ ಅದೇ ಆಕಾರ ಹಿಡಿದು ನೋಡಿ. ಸಲೀಸಾಗಿ ಬಂದರೆ ಕೈ ಸರಿಯಾಗಿಯೇ ಇದೆ, ನಟ್ ಕೆಲಸ ಬೇಕು ಅಂತ ಲೆಕ್ಕ.

ಎಂಟು ವರ್ಷ ಬಿಗಿದ ತಂತಿಯೊಂದಿಗೆ ಬೀರು ಮೇಲೆ ಇತ್ತು ಅಂದರೆ ನೆಕ್ ಮುಂದಕ್ಕೆ ಬಾಗಿರುವುದೂ ಸಹಜ. ಸ್ಟೀಲ್ ತಂತಿಯ ಒಂದು ಲೈಟ್ ಸೆಟ್ ಎಲ್ಲ ಸೇರಿ 70 ಕೆ.ಜಿ.ಗೂ ಜಾಸ್ತಿ ಎಳೆಯುತ್ತದೆ. ನೆಕ್ ಒಳಗಿರುವ ಟ್ರಸ್ ರಾಡ್ ಎಂಬ ಕಂಬಿ ಇರುವುದು ಇದನ್ನು ತಡೆಯುವುದಕ್ಕೇ. ಅಲೆನ್ ಕೀ ಹಾಕಿ ಕಾಲು ಸುತ್ತು ಬಿಗಿದರೆ ನೆಕ್ ನೇರವಾಗುತ್ತದೆ. ಆದರೆ ಮೊದಲ ಸಲ ಗೊತ್ತಿರುವವರ ಕೈಲಿ ಮಾಡಿಸಿ. ಜೋರು ಮಾಡಿ ತಿರುಗಿಸಿ ಕಂಬಿ ಮುರಿದರೆ ಗಿಟಾರೇ ಹೋದ ಹಾಗೆ.

ತಂತಿ ಅದಲು ಬದಲು ಮಾತ್ರ ಖಂಡಿತ ಬೇಡ. ನನ್ನ ಮೊದಲ ಗಿಟಾರ್ ನೈಲಾನ್ ತಂತಿಯ ಕ್ಲಾಸಿಕಲ್. ಸದ್ದು ಜಾಸ್ತಿ ಬರುತ್ತದೆ ಅಂತ ಅಂಗಡಿಯವರೊಬ್ಬರು ಸ್ಟೀಲ್ ತಂತಿ ಹಾಕಿಕೊಟ್ಟರು. ಮೂರನೇ ವಾರ ರಾತ್ರಿ ಮಲಗಿದ್ದಾಗ ಫಟ್ ಅಂತ ಸದ್ದಾಯಿತು. ಎದ್ದು ನೋಡಿದರೆ ಬ್ರಿಡ್ಜ್, ಅಂದರೆ ಗಿಟಾರಿನ ಮೈ ಮೇಲೆ ತಂತಿ ಕಟ್ಟುವ ಪಟ್ಟಿ, ಮರದ ಚಕ್ಕೆ ಸಮೇತ ಕಿತ್ತು ಬಂದಿತ್ತು. ನೈಲಾನ್ ಸೆಟ್ ಎಳೆಯುವುದು ಸುಮಾರು 40 ಕೆ.ಜಿ. ಅಷ್ಟೇ, ಆ ಗಿಟಾರ್ ಅಷ್ಟಕ್ಕೇ ಕಟ್ಟಿದ್ದು. ನಿಮ್ಮ ಸ್ಟೀಲ್ ಗಿಟಾರಿಗೆ ನೈಲಾನ್ ಹಾಕಿದರೆ ಮುರಿಯುವುದೇನೂ ಇಲ್ಲ. ಆದರೆ ಎಳೆತ ಸಾಲದೆ ಸದ್ದು ಸತ್ತ ಹಾಗಿರುತ್ತದೆ. ತಂತಿ ಕೂರಿಸುವ ರೀತಿಯೂ ಬೇರೆ.

ಮಾನಸಗಂಗೋತ್ರಿಯಿಂದ, ವಿದ್ಯಾರ್ಥಿ:

ಅಕ್ಕ, ತಂತಿ ಬಗ್ಗೆ ನಾನು ಹೇಳುತ್ತೇನೆ. ಪ್ಯಾಕೆಟ್ ಮೇಲೆ 12-53 ಅಂತ ಇರುತ್ತಲ್ಲ, ಅದು ಸಣ್ಣ ತಂತಿ ಮತ್ತು ದಪ್ಪ ತಂತಿಯ ಅಳತೆ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. 12 ಅಂದರೆ ಸುಮಾರು 0.30 ಮಿ.ಮೀ., 10 ಅಂದರೆ 0.25. ಹೊಸ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ 12 ಇರುತ್ತದೆ. ನೀವು 11-52 ಹಾಕಿ. 10-47 ಇನ್ನೂ ಮೃದು, ಆದರೆ ಜೋರಾಗಿ ಮೀಟಿದರೆ ಸದ್ದು ತೆಳುವಾಗುತ್ತದೆ. ನಾನು ಎರಡನ್ನೂ ಒಂದೊಂದು ಸೆಮಿಸ್ಟರ್ ಬಳಸಿ 11ಕ್ಕೆ ಬಂದು ನಿಂತಿದ್ದೇನೆ. ಡಿ'ಅಡಾರಿಯೋ ಕಂಪನಿಯಲ್ಲಿ ಇಜೆ26 ಅನ್ನೋ ಸೆಟ್ ಇದೇ ಅಳತೆಯದು, ಫಾಸ್ಫರ್ ಬ್ರಾಂಜ್. ಹಾಡುವವರ ಜೊತೆಗೆ ಆ ಬೆಚ್ಚನೆಯ ನಾದ ಚೆನ್ನ. 80/20 ಅಂತ ಇರುವ ಬೇರೆ ಲೋಹದ ತಂತಿ ಇನ್ನೂ ಚುರುಕು, ಹೊಸದರಲ್ಲಿ ಗಣಗಣ ಅನ್ನುತ್ತದೆ.

ನನ್ನ ಬೆರಳು ಬೇಗ ಬೆವರುತ್ತದೆ. ಸಾದಾ ತಂತಿ ಐದಾರು ವಾರಕ್ಕೆ ಕಪ್ಪಾಗುತ್ತದೆ. ಎಲಿಕ್ಸರ್ ಥರ ಲೇಪನ ಇರುವ ತಂತಿಗೆ ದುಡ್ಡು ಜಾಸ್ತಿ, ಬಾಳಿಕೆಯೂ ಜಾಸ್ತಿ. ನೀವು ವಾರಕ್ಕೆ ಮೂರು ದಿನ ನುಡಿಸುವವರಾದರೆ ಸಾದಾದೇ ಸಾಕು. ನುಡಿಸಿದ ಮೇಲೆ ಹಳೇ ಪಂಚೆ ತುಂಡಿನಿಂದ ತಂತಿಯ ಮೇಲೂ ಕೆಳಗೂ ಒರೆಸಿ. ಎಂಟು ವರ್ಷದ ಆ ತಂತಿಯನ್ನು ಮಾತ್ರ ಇವತ್ತೇ ತೆಗೆದುಬಿಡಿ. ತುಕ್ಕು ಹಿಡಿದ ತಂತಿ ಶ್ರುತಿಗೂ ನಿಲ್ಲುವುದಿಲ್ಲ, ಬೆರಳನ್ನೂ ಕೊರೆಯುತ್ತದೆ.

ಮಂಡ್ಯ, ವಿ.ವಿ. ನಗರದಿಂದ:

ನಮ್ಮ ಊರಿನವರೇ ಆದ್ದರಿಂದ ಒಂದು ಎಚ್ಚರಿಕೆ. ಬೇಸಿಗೆಯಲ್ಲಿ ಗಿಟಾರನ್ನು ಕಾರಿನಲ್ಲಿ ಬಿಡಬೇಡಿ. ಏಪ್ರಿಲ್‌ನಲ್ಲಿ ಒಂದು ಮದುವೆಗೆ ಹೋಗಿ ಮೂರು ಗಂಟೆ ಬಿಸಿಲಲ್ಲಿ ಬಿಟ್ಟಿದ್ದೆ. ಬ್ರಿಡ್ಜ್ ಹಿಂಬದಿಯ ಅಂಟು ಮೆತ್ತಗಾಗಿ ಕಾಗದ ತೂರುವಷ್ಟು ಎದ್ದಿತ್ತು. ಅವತ್ತು ಬಹಳ ಬೇಜಾರಾಯಿತು. ಚೀಲ ತಗೊಂಡರೆ 10 ಮಿ.ಮೀ. ಆದರೂ ಸ್ಪಂಜ್ ಇರುವುದನ್ನೇ ತಗೊಳ್ಳಿ. ಗಿಟಾರ್ ಜೊತೆ ಪುಕ್ಕಟೆ ಕೊಡುವ ತೆಳು ಚೀಲ ಧೂಳಿಗೆ ಮಾತ್ರ.

ಮೈಸೂರು, ಸರಸ್ವತಿಪುರಂನಿಂದ:

ನಿಮ್ಮ ಅತ್ತೆಯವರ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಾನು ಹದಿನೈದು ವರ್ಷ ಕರ್ನಾಟಕ ಸಂಗೀತ ಕಲಿತು ಆಮೇಲೆ ಗಿಟಾರ್ ಹಿಡಿದವಳು. ಪಿಟೀಲೂ ಹೊರಗಿನಿಂದ ಬಂದದ್ದೇ ಅಲ್ವಾ? ನಮ್ಮ ತಿರುಮಕೂಡಲಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿಕೊಂಡು ನುಡಿಸಿದರು. ವಾದ್ಯವನ್ನು ನಮ್ಮ ಹಾಡಿಗೆ ಹೊಂದಿಸಿಕೊಳ್ಳಬೇಕು, ಅದು ಆಗುವ ಕೆಲಸ. ಗಿಟಾರಿನಲ್ಲಿ ಹಾಗೆ ಹೊಂದಿಸಿಕೊಡುವುದು ಕೇಪೋ. ಬೇರೆ ಏನು ತಗೊಳ್ಳದಿದ್ದರೂ ಅದನ್ನು ತಗೊಳ್ಳಿ.

ಹೆಂಗಸರ ಶ್ರುತಿ ಸಾಮಾನ್ಯವಾಗಿ ಐದು, ಐದೂವರೆ, ಆರು. ಐದು ಅಂದರೆ ಜಿ. ಕೇಪೋ ಇಲ್ಲದೆ ಜಿ, ಸಿ, ಡಿ, ಇ ಮೈನರ್ ಹಿಡಿದರೆ ಐದು. 1ನೇ ಫ್ರೆಟ್ಟಿಗೆ ಕೇಪೋ ಹಾಕಿ ಅದೇ ಆಕಾರಗಳನ್ನು ಹಿಡಿದರೆ ಐದೂವರೆ. 2ನೇ ಫ್ರೆಟ್ಟಿಗೆ ಹಾಕಿದರೆ ಆರು. ಬೆಳಿಗ್ಗೆ ಗಂಟಲು ಭಾರ ಇದ್ದರೆ ಡಿ ಆಕಾರದಲ್ಲಿ 4ನೇ ಫ್ರೆಟ್ಟಿಗೆ ಹಾಕಿ, ನಾಲ್ಕೂವರೆ ಸಿಗುತ್ತದೆ. ಗಮನಿಸಿದಿರಾ? ಜಿ ಮನೆತನದ ಆ ನಾಲ್ಕು ಕಾರ್ಡ್‌ನಲ್ಲಿ ಎಫ್ ಇಲ್ಲವೇ ಇಲ್ಲ. ಸರಳವಾದ ಎಷ್ಟೋ ಭಾವಗೀತೆಗಳು ಈ ನಾಲ್ಕರಲ್ಲೇ ಮುಗಿಯುತ್ತವೆ. ಎಫ್ ನಿಧಾನವಾಗಿ ಬರಲಿ, ಅಲ್ಲಿಯವರೆಗೆ ಹಾಡು ನಿಲ್ಲುವುದು ಬೇಡ.

ಗಮಕ ಗಂಟಲಿನಲ್ಲಿ ಇರಲಿ. ಗಿಟಾರ್ ಕೆಳಗೆ ತಂಬೂರಿ ಹಾಗೆ ಆಧಾರ ಕೊಡಲಿ. ಪ್ರತಿ ಸ್ವರಕ್ಕೂ ಕಾರ್ಡ್ ಬದಲಿಸುತ್ತಾ ಹೋದರೆ ಹಾಡು ಕುಂಟುತ್ತದೆ. ಒಂದು ಸಾಲಿಗೆ ಒಂದೋ ಎರಡೋ ಸಾಕು. ಶ್ರುತಿ ತೋರಿಸುವ ಟ್ಯೂನರ್ ಕ್ಲಿಪ್ ಥರದ್ದು ತಗೊಳ್ಳಿ. ಅದು ಮರದ ನಡುಕ ಹಿಡಿಯುತ್ತದೆ, ಪಕ್ಕದಲ್ಲಿ ಮಕ್ಕಳು ಗಲಾಟೆ ಮಾಡಿದರೂ ತೊಂದರೆ ಇಲ್ಲ. ಕೇಪೋ ಹಾಕಿದ ಮೇಲೆ ಇನ್ನೊಮ್ಮೆ ಶ್ರುತಿ ನೋಡಿ. ಒತ್ತಡಕ್ಕೆ ತಂತಿ ಸ್ವಲ್ಪ ಏರಿರುತ್ತದೆ. ಬೆಲ್ಟು, ಬಣ್ಣಬಣ್ಣದ ಪಿಕ್, ಸ್ಟ್ಯಾಂಡ್, ಎಲ್ಲಾ ಆಮೇಲೆ.

ಮೈಸೂರಿನಿಂದ, ಮರಗೆಲಸದವರ ಮನೆಯವನು:

ನಮ್ಮ ತಂದೆ ವೀಣೆಗೆ ಮೇಳ ಕಟ್ಟುವುದನ್ನು, ಅಂದರೆ ಮೆಟ್ಟಿಲು ಕೂರಿಸುವುದನ್ನು, ನೋಡುತ್ತಾ ಬೆಳೆದವನು ನಾನು. ವೀಣೆಯ 24 ಮೆಟ್ಟಿಲೂ ಮೇಣದ ಮೇಲೆ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣ ಬಿಸಿ ಮಾಡಿ ಮೆಟ್ಟಿಲನ್ನೇ ಸರಿಸಬಹುದು. ಗಿಟಾರಿನ ಫ್ರೆಟ್ ಮರದಲ್ಲಿ ಹೊಡೆದು ಕೂರಿಸಿದ್ದು, ಸರಿಯುವುದಿಲ್ಲ. ಹಾಗಾಗಿ ನೆಕ್ ನೇರ ಮಾಡಿದ ಮೇಲೆ ಏನೇ ಸರಿಪಡಿಸಿದರೂ ನಟ್ ಮತ್ತು ಸ್ಯಾಡಲ್ ಎರಡರಲ್ಲೇ ಮಾಡಬೇಕು. ಸ್ಯಾಡಲ್ ಅಂದರೆ ಬ್ರಿಡ್ಜ್ ಮೇಲಿನ ಬಿಳೀ ಪಟ್ಟಿ.

ಅದನ್ನು ಉಜ್ಜುವ ಲೆಕ್ಕ ಹೀಗಿದೆ. 12ನೇ ಫ್ರೆಟ್ ತಂತಿಯ ನಟ್ಟನಡುವೆ ಬರುತ್ತದೆ. ಅಲ್ಲಿ ಅರ್ಧ ಮಿ.ಮೀ. ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 1 ಮಿ.ಮೀ. ತೆಗೆಯಬೇಕು. ತಂತಿ ಸಡಿಲಿಸಿ ಪಟ್ಟಿಯನ್ನು ಹೊರಗೆ ತೆಗೆಯಿರಿ. ತೆಗೆಯಬೇಕಾದಷ್ಟಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಗಾಜಿನ ಮೇಲೆ ಮರಳು ಕಾಗದ ಅಂಟಿಸಿ, ಪಟ್ಟಿಯ ಅಡಿಭಾಗವನ್ನು ಮಾತ್ರ ನೇರವಾಗಿ ಉಜ್ಜಿ. ಮೇಲ್ಭಾಗ ಮುಟ್ಟಬೇಡಿ, ಅಲ್ಲಿಯ ಬಾಗು ಬೇಕು. ಹತ್ತು ಸಲ ಉಜ್ಜಿ ಒಮ್ಮೆ ಅಳೆಯಿರಿ. ತಳ ಒಂದು ಕಡೆ ಓರೆಯಾದರೆ ಪಟ್ಟಿ ಸರಿಯಾಗಿ ಕೂರುವುದಿಲ್ಲ, ಸದ್ದು ಮಂಕಾಗುತ್ತದೆ. ಉಜ್ಜಿದ್ದನ್ನು ವಾಪಸ್ ಅಂಟಿಸಲು ಆಗುವುದಿಲ್ಲ ಅನ್ನೋದು ನೆನಪಿರಲಿ.

ಶ್ರುತಿಯ ತಿರುಪು ತಿರುಗಿಸುವಾಗ ನಟ್ ಹತ್ತಿರ ಟಿಕ್ ಅಂತ ಸದ್ದು ಬಂದು ಶ್ರುತಿ ಹಾರಿದರೆ, ನಟ್‌ನಲ್ಲಿ ತಂತಿ ಕೂರುವ ತೋಡಿನಲ್ಲಿ ಮೆತ್ತನೆ ಪೆನ್ಸಿಲ್ ತುದಿಯನ್ನು ನಾಲ್ಕು ಸಲ ಆಡಿಸಿ. ಸೀಸದ ಪುಡಿಗೆ ತಂತಿ ಜಾರುತ್ತದೆ. ಫ್ರೆಟ್ ಹಲಗೆ ಕಂದು ಬಣ್ಣದ ಬೀಟೆ ಮರದ್ದಾಗಿದ್ದರೆ ವರ್ಷಕ್ಕೆ ಒಂದೆರಡು ಸಲ ಫ್ರೆಟ್‌ಬೋರ್ಡ್ ಎಣ್ಣೆ ಎರಡು ಹನಿ ಸವರಿ ಒರೆಸಿಬಿಡಿ. ಕೊಬ್ಬರಿ ಎಣ್ಣೆ ಬೇಡ, ಅಂಟಂಟಾಗುತ್ತದೆ.

ಮೈಸೂರು, ವಿಜಯನಗರದಿಂದ:

ಅಷ್ಟೆಲ್ಲ ಮಾಡಿಯೂ ಹೊಸದೇ ಬೇಕು ಅನಿಸಿದರೆ ಮಾತ್ರ ಇದನ್ನು ಓದಿ. ದೊಡ್ಡ ಹೊಟ್ಟೆಯ ಡ್ರೆಡ್‌ನಾಟ್ ಗಿಟಾರ್ ಅಪ್ಪಿಕೊಂಡು ಒಂದು ಗಂಟೆ ಕೂತರೆ ನನಗೆ ಬಲ ಭುಜ ಹಿಡಿದುಕೊಳ್ಳುತ್ತಿತ್ತು. ಯಮಹಾ ಎಫ್‌ಎಸ್ ಸರಣಿಯಂಥ ಚಿಕ್ಕ ಮೈಯ ಗಿಟಾರಿಗೆ ಬದಲಾಯಿಸಿದ ಮೇಲೆ ಆ ನೋವೇ ಇಲ್ಲ. ಎಫ್‌ಎಸ್800ಕ್ಕೆ ಮೇಲ್ಹಲಗೆ ಒಂದೇ ಮರದ್ದು, ಸಾಲಿಡ್ ಟಾಪ್. ನಿಮ್ಮ ಬಜೆಟ್ ದಾಟಬಹುದು. ಎಫ್310 ಪದರ ಅಂಟಿಸಿದ ಹಲಗೆಯದು, ಅದಕ್ಕಿಂತ ಅಗ್ಗ. ಸಾಲಿಡ್‌ನ ನಾದ ಚೆನ್ನ, ಆದರೆ ಒಣ ಹವೆಗೂ ಮಳೆಗಾಲದ ತೇವಕ್ಕೂ ಬೇಗ ಬಾಗುತ್ತದೆ. ಪದರದ್ದು ಅಷ್ಟೆಲ್ಲ ಮುನಿಸಿಕೊಳ್ಳುವುದಿಲ್ಲ. ಕ್ಲಾಸಿಕಲ್ ನೋಡುವುದಾದರೆ ನೆಕ್ ಅಗಲ ನೆನಪಿಡಿ. ನಟ್ ಹತ್ತಿರ 52 ಮಿ.ಮೀ. ಇರುತ್ತದೆ, ಸ್ಟೀಲ್ ಗಿಟಾರಿನಲ್ಲಿ 43ರ ಆಸುಪಾಸು. ಚಿಕ್ಕ ಕೈಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಅಂಗಡಿಗೇ ಬಂದು ಕೂತು ನುಡಿಸಿ. ಆರು ತಂತಿಯನ್ನೂ ಒಂದೊಂದು ಫ್ರೆಟ್‌ನಲ್ಲಿ ಮೀಟಿ, ಎಲ್ಲಾದರೂ ಜರ್ ಅನ್ನುತ್ತದಾ ಕೇಳಿ. ನೆಕ್ ಅಂಚಿಗೆ ಅಂಗೈ ಸವರಿದರೆ ಫ್ರೆಟ್ ತುದಿ ಚುಚ್ಚಬಾರದು. ಮಂಡ್ಯದಿಂದ ಒಂದು ಗಂಟೆಯ ದಾರಿ, ಆ ಒಂದು ಮಧ್ಯಾಹ್ನವನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ಮಂಡ್ಯ, ಸುಭಾಷ್ ನಗರದಿಂದ, ಮೂರು ವಾರದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವತ್ತೇ ರಾತ್ರಿ ಮನೆಯವರ ಕಾರ್ಡ್‌ಗಳನ್ನೂ ಸೇರಿಸಿ ಅಳೆದೆ. ದಪ್ಪ ತಂತಿಯ ಕೆಳಗೆ ಐದೂ ಹೋದವು! ಶನಿವಾರ ಮೈಸೂರಿಗೆ ತಗೊಂಡು ಹೋಗಿ ರಿಪೇರಿ ಮಾಡುವವರಿಗೆ ತೋರಿಸಿದೆ. ನೆಕ್ ನೇರ ಮಾಡಿದರು, ನಟ್‌ನ ತೋಡು ಇಳಿಸಿದರು, ಸ್ಯಾಡಲ್ ಉಜ್ಜಿದರು. ಸ್ಟೀಲ್ ಸ್ಕೇಲಿನಲ್ಲಿ ಅಳೆದು ನನಗೇ ತೋರಿಸಿದರು. ಬರುವಾಗ 4 ಮಿ.ಮೀ. ಇದ್ದದ್ದು 2.7ಕ್ಕೆ ಬಂದಿತ್ತು. 11-52 ತಂತಿ ಹಾಕಿಸಿದೆ. ಕೇಪೋ, ಕ್ಲಿಪ್ ಟ್ಯೂನರ್ ಎಲ್ಲ ಸೇರಿ 2,600 ರೂಪಾಯಿ ಆಯಿತು. ಉಳಿದ ದುಡ್ಡು ಹಾಗೇ ಇದೆ. ದಪ್ಪ ಸ್ಪಂಜಿನ ಚೀಲ ಮುಂದಿನ ತಿಂಗಳು.

ಎಫ್‌ನಲ್ಲಿ ಈಗ ಐದು ತಂತಿ ನುಡಿಯುತ್ತವೆ. ಎರಡನೇ ತಂತಿ ಇನ್ನೂ ಒಂದೊಂದು ಸಲ ಕೈ ಕೊಡುತ್ತದೆ. ಮೊನ್ನೆ ಸಂಜೆ ಐದೂವರೆ ಶ್ರುತಿಗೆ ಕೇಪೋ ಹಾಕಿ ಹಾಡುತ್ತಿದ್ದೆ. ಅತ್ತೆ ದೇವರ ದೀಪ ಹಚ್ಚಿ ಬಂದು ಪಕ್ಕದಲ್ಲಿ ಕೂತರು. ಚರಣಕ್ಕೆ ಬಂದಾಗ, ಮೇಲಿನ ಸ್ವರದಲ್ಲಿ ಗಂಟಲು ಬಿಗಿಯುತ್ತಿದೆ, ಅರ್ಧ ಇಳಿಸಿಕೋ ಅಂದರು. ಕೇಪೋ ತೆಗೆದು ಐದಕ್ಕೆ ಮತ್ತೆ ಪಲ್ಲವಿಯಿಂದ ಎತ್ತಿಕೊಂಡೆ. ಎರಡನೇ ಚರಣಕ್ಕೆ ಅವರೂ ಸಣ್ಣಗೆ ಸೇರಿಕೊಂಡರು.