ಕೋರ್ಸಿನಲ್ಲಿ ಒಳ್ಳೆ ಅಂಕ, ಮುನ್ಸೂಚನೆ ಮಾತ್ರ ಕೈಕೊಡುತ್ತಿದೆ. ಏನು ಮಾಡಲಿ?

ಮೋಡದಹುಡುಗಿ:
ಖಾಸಗಿ ಕಂಪನಿಯೊಂದರಲ್ಲಿ ಹವಾಮಾನ ಮುನ್ಸೂಚನೆ ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ತರಬೇತಿ ಅಂತ ಕೊಟ್ಟಿದ್ದು ಒಂದು ಲ್ಯಾಪ್‌ಟಾಪ್, ಅಷ್ಟೇ. ಅಮೆರಿಕದ ಕಾಮೆಟ್ ಅನ್ನೋ ತರಬೇತಿ ಸಂಸ್ಥೆಯವರ ಮೆಟ್‌ಎಡ್ ಆನ್‌ಲೈನ್ ಹವಾಮಾನ ಪಾಠಗಳು ಪುಕ್ಕಟೆ ಸಿಗುತ್ತವಲ್ಲ, ಅವನ್ನು ರಾತ್ರಿ ಕೂತು ಮುಗಿಸಿದೆ. ಎಲ್ಲದರಲ್ಲೂ 90ರ ಮೇಲೆ ಅಂಕ.

ಏಪ್ರಿಲ್‌ನಲ್ಲಿ ಒಂದು ದಿನ ಬೆಂಗಳೂರಿನ ಬೆಳಗಿನ 5:30ರ ಬಲೂನ್ ಮಾಹಿತಿ (ಬಲೂನ್ ಮೇಲೇರುತ್ತಾ ಅಳೆದ ಗಾಳಿಯ ಬಿಸಿ, ತೇವ) ನೋಡಿದೆ. ಕೇಪ್, ಅಂದರೆ ಗುಡುಗು ಮೋಡ ಬೆಳೆಯಲು ಗಾಳಿಯಲ್ಲಿರುವ ಶಕ್ತಿಯ ಲೆಕ್ಕ, ಹೆಚ್ಚುಕಮ್ಮಿ ಸೊನ್ನೆ. ನಮ್ಮ ಸಾಫ್ಟ್‌ವೇರ್ ಹಸಿರು ಬಣ್ಣ ತೋರಿಸಿತು: 'ಗುಡುಗು ಸಾಧ್ಯತೆ ಕಡಿಮೆ'. ನಾನೂ ಹಾಗೇ ಬರೆದು ಕಳಿಸಿದೆ. ಅದನ್ನು ನಂಬಿ ಒಬ್ಬರು ಸ್ಲ್ಯಾಬ್ ಹಾಕಿಸಿದರು. ನಾಲ್ಕೂವರೆಗೆ ಆಲಿಕಲ್ಲು ಮಳೆ! ಅವರ ಫೋನ್ ನಾನೇ ಎತ್ತಿದೆ.

ತಪ್ಪು ಟೂಲ್‌ದಾ, ನನ್ನದಾ?

ಹಳೆಚಾರ್ಟು:
ಎರಡು ಮಿಲಿಬಾರ್‌ಗೊಂದು ಗೆರೆ ಅಂತ ಪೆನ್ಸಿಲ್‌ನಲ್ಲಿ ಐಸೊಬಾರ್ (ಒಂದೇ ಗಾಳಿಯೊತ್ತಡದ ಜಾಗಗಳನ್ನು ಜೋಡಿಸುವ ಗೆರೆ) ಎಳೆದ ಕಾಲದವನು ನಾನು. ಕಂಪ್ಯೂಟರ್ ಕಲಿತದ್ದು ನಲವತ್ತು ದಾಟಿದ ಮೇಲೆ. ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ, ಟೂಲ್ ಸುಳ್ಳು ಹೇಳಿಲ್ಲಮ್ಮ. ಅದು ಬೆಳಗಿನ ಗಾಳಿಯ ಲೆಕ್ಕ ಕೊಟ್ಟಿತು. ಮಳೆ ಬಂದದ್ದು ಮಧ್ಯಾಹ್ನ ಕಾದ ಗಾಳಿಯಿಂದ.

ಶಾರ್ಪ್‌ಪೈ ಅಂತ ಪುಕ್ಕಟೆ ತಂತ್ರಾಂಶ ಇದೆ. ಅದರಲ್ಲಿ ಬೆಳಗಿನ ಬಲೂನಿನ ತಾಪಮಾನ ರೇಖೆಯ ಬುಡವನ್ನು, ಅಂದರೆ ನೆಲಮಟ್ಟದ ಬಿಸಿಯನ್ನು, ಹಿಡಿದು ಎಳೆಯಬಹುದು. 22 ಡಿಗ್ರಿ ಇದ್ದದ್ದನ್ನು 34ಕ್ಕೆ ತಂದು ನೋಡಿ, ಕೇಪ್ ಎಲ್ಲಿಗೆ ಹೋಗುತ್ತದೆ ಅಂತ. ಆದರೆ ಇಬ್ಬನಿ ಬಿಂದು (ಗಾಳಿಯ ತೇವ ಹನಿಯಾಗತೊಡಗುವ ತಾಪಮಾನ, ತೇವ ಹೆಚ್ಚಿದಷ್ಟೂ ಇದೂ ಹೆಚ್ಚು) ಹುಷಾರು! ಬಿಸಿಲೇರಿದಾಗ ಮೇಲಿನ ಒಣಗಾಳಿ ಕೆಳಗಿಳಿದು ಬೆರೆಯುತ್ತದೆ, ತೇವ ಇಳಿಯುತ್ತದೆ. ಬೆಳಗಿನ ತೇವವನ್ನೇ ಇಟ್ಟುಕೊಂಡರೆ ದಿನಾ ಪ್ರಳಯ ಕಾಣಿಸುತ್ತದೆ.

ಇನ್ನೊಂದು. ಪಾಠದಲ್ಲಿರುವುದು ಜಾಸ್ತಿ ಅಮೆರಿಕದ ಬಯಲು ಸೀಮೆ. ನಮ್ಮ ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೆಲವೇ ಸುಮಾರು 910 ಹೆಕ್ಟೊಪಾಸ್ಕಲ್ (ಮಿಲಿಬಾರ್ ಅಂದರೂ ಅದೇ) ಗಾಳಿಯೊತ್ತಡದಲ್ಲಿ ಶುರುವಾಗುತ್ತದೆ. ಅವರ ಮಿತಿಗಳನ್ನು ಹಾಗೇ ತಂದು ಇಲ್ಲಿ ಕೂರಿಸಬೇಡಿ.

ಅಭ್ಯಾಸಕ್ಕೆ ವಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ ಹಳೆ ಬಲೂನ್ ಮಾಹಿತಿ ಸಿಗುತ್ತದೆ, ಅಲ್ಲಿ ಬೆಂಗಳೂರು ಕೇಂದ್ರದ ಸಂಖ್ಯೆ 43295. ಯಾವುದೋ ಹಳೆ ಏಪ್ರಿಲ್ ದಿನ ತೆಗೆಯಿರಿ. ಮುನ್ಸೂಚನೆಯನ್ನು ಪೆನ್ನಿನಲ್ಲಿ ಬರೆಯಿರಿ, ಪೆನ್ಸಿಲ್ ಬೇಡ. ಆಮೇಲೆ ಆ ದಿನ ಏನಾಯಿತು ನೋಡಿ. ಅಮೆರಿಕದ ಹವಾಮಾನ ಸೇವೆಯವರು ಸಿಮ್ಯುಲೇಟರ್‌ನಲ್ಲಿ ಮಾಡಿಸುವುದೂ ಇದೇ. ಹಳೆ ಬಿರುಗಾಳಿಯ ರಾಡಾರ್ ಚಿತ್ರಗಳನ್ನು ಆ ದಿನ ಬಂದ ವೇಗದಲ್ಲೇ ಒಂದೊಂದಾಗಿ ಬಿಡುತ್ತಾರೆ. ಮುಂದಿನ ಚಿತ್ರ ಬರುವ ಮೊದಲೇ ಎಚ್ಚರಿಕೆ ಕೊಡಬೇಕಾ ಬೇಡವಾ ತೀರ್ಮಾನಿಸಬೇಕು. ಬೆವರು ಬರುತ್ತದೆ.

ರಾಡಾರ್‌ರಾಯ:
ಮೇಲಿನವರು ಹೇಳಿದ್ದು ಸರಿ. ಅವತ್ತು ರಾಡಾರ್ ನೋಡಿದ್ರಾ? ಚೆನ್ನೈದು ನೋಡಿದ್ದರೆ ಒಂದು ಮಾತು. ಅಲ್ಲಿಂದ ಬೆಂಗಳೂರು ಸುಮಾರು 290 ಕಿ.ಮೀ. ಕಿರಣವನ್ನು ಅರ್ಧ ಡಿಗ್ರಿ ಎತ್ತಿ ಬಿಟ್ಟರೂ, ಭೂಮಿ ಬಾಗಿರುವುದರಿಂದ ಇಲ್ಲಿಗೆ ಬರುವಷ್ಟರಲ್ಲಿ ಅದು 7 ಕಿ.ಮೀ. ಮೇಲಿರುತ್ತದೆ. ಮೋಡ ಅಷ್ಟೆತ್ತರ ಬೆಳೆಯುವವರೆಗೆ ಪರದೆ ಖಾಲಿ. ಖಾಲಿ ಅಂದರೆ ಮೋಡ ಇಲ್ಲ ಅಂತಲ್ಲ, ಕಾಣಿಸುತ್ತಿಲ್ಲ ಅಂತ.

ಅಡಿಕೆಅಂಗಳ:
ನಾನು ಶಿರಸಿ ಕಡೆಯವನು, ನಿಮ್ಮಂಥವರ ಸಂದೇಶ ಓದುವವನು. ನಿಮ್ಮ ಕೇಪು ಗೀಪು ನನಗೆ ತಿಳಿಯದು. 'ಸಾಧ್ಯತೆ ಕಡಿಮೆ' ಅಂದರೆ ನೂರಕ್ಕೆ ಎಷ್ಟು? ಅಂಗಳದ ಅಡಿಕೆ ಎತ್ತಿಡಲು ನಮಗೆ ಒಂದೂವರೆ ಗಂಟೆ ಬೇಕು. ಸುಮ್ನೆ ಎತ್ತಿದರೆ ಒಂದು ಹೊತ್ತಿನ ಕೂಲಿ ಹೋಯಿತು, ಎತ್ತದೆ ನೆನೆದರೆ ಬಣ್ಣವೂ ಹೋಯಿತು ದರವೂ ಹೋಯಿತು. ನೂರಕ್ಕೆ ಇಪ್ಪತ್ತು ಅಂದರೂ ನಾನು ಎತ್ತುತ್ತೇನೆ. ಹಸಿರು ಬಣ್ಣ ಕಂಡರೆ ಎತ್ತುವುದಿಲ್ಲ.

ಮೋಡದಹುಡುಗಿ:
ಅಡಿಕೆಅಂಗಳ ಅವರೇ, ಸ್ಲ್ಯಾಬ್‌ನವರು ಫೋನಿನಲ್ಲಿ ಕೇಳಿದ್ದೂ ಇದನ್ನೇ, ಇನ್ನೂ ಖಾರವಾಗಿ. ನಾಳೆಯಿಂದ ಬಣ್ಣದ ಪಕ್ಕ ಅಂಕಿಯನ್ನೂ ಹಾಕುತ್ತೇನೆ.

ಹಳೆಚಾರ್ಟು ಸರ್, ನಿನ್ನೆ ರಾತ್ರಿ ಮೂರು ಹಳೆ ದಿನ ತೆಗೆದೆ. ಪೆನ್ನಿನಲ್ಲೇ ಬರೆದೆ. ಎರಡು ತಪ್ಪು. ಒಂದರಲ್ಲಿ ಇಬ್ಬನಿ ಬಿಂದು 20 ಇಟ್ಟಾಗ ಕೇಪ್ 2,600 ಬಂತು, 16 ಮಾಡಿದರೆ 900ಕ್ಕೆ ಬಿತ್ತು. ನಾಲ್ಕೇ ಡಿಗ್ರಿಗೆ ಇಷ್ಟಾ! ಹಾಗಾದರೆ ಬೆಳಿಗ್ಗೆ ಒಂಬತ್ತಕ್ಕೆ ಕೂತು ಮಧ್ಯಾಹ್ನದ ತೇವ ಎಷ್ಟು ಅಂತ ಹೇಗೆ ಅಂದಾಜು ಮಾಡುತ್ತಿದ್ರಿ? ವಿಮಾನ ನಿಲ್ದಾಣದ ಅರ್ಧ ಗಂಟೆಯ ವರದಿಯಲ್ಲಿ ಇಬ್ಬನಿ ಬಿಂದು ಇಳಿಯುವುದನ್ನು ನೋಡುತ್ತಾ ಹೋದರೆ ಸಾಕಾ, ಅಥವಾ ಹಿಂದಿನ ದಿನ ಮಧ್ಯಾಹ್ನದ್ದನ್ನೇ ಇಟ್ಟುಕೊಳ್ಳುತ್ತಿದ್ರಾ?