ವಿಂಟರ್ ಟೈರ್ ಹಾಕಿದ್ದರೂ ಐಸ್ ಮೇಲೆ ಕಾರು ಮಾತು ಕೇಳ್ತಿಲ್ಲ, ಯಾಕೆ?

ಪ್ರಶ್ನೆ (ಉಪ್ಸಾಲಾ, ಸ್ವೀಡನ್):
ಎಲ್ಲರಿಗೂ ನಮಸ್ಕಾರ. ಈ ಗ್ರೂಪ್‌ನಲ್ಲಿ ಟೈರ್ ಕೆಲಸ ಮಾಡುವವರು ಒಬ್ಬರಿದ್ದಾರೆ ಅಂತ ಕೇಳಿದೆ, ಅವರಿಗೇ ಈ ಪ್ರಶ್ನೆ. ಅಕ್ಟೋಬರ್‌ನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆವು. ಫ್ರಂಟ್ ವೀಲ್ ಡ್ರೈವ್, ಮೊದಲು ಜರ್ಮನಿಯಲ್ಲಿ ಓಡಿದ್ದು. ಜೊತೆಗೆ ಒಂದು ಸೆಟ್ ವಿಂಟರ್ ಟೈರೂ ಕೊಟ್ಟರು, ಮೊಳೆ ಇಲ್ಲದ್ದು (ಐಸ್ ಕಚ್ಚೋಕೆ ಕೆಲವು ಟೈರ್‌ಗೆ ಲೋಹದ ಸಣ್ಣ ಮೊಳೆ ಇರುತ್ತಲ್ಲ, ಅದಿಲ್ಲ). ಹೊಸ ಹಿಮ ಬಿದ್ದಾಗ ಚೆನ್ನಾಗೇ ಓಡಿತು. ಆದರೆ ಹಗಲು ಕರಗಿದ ಹಿಮ ರಾತ್ರಿ ಮತ್ತೆ ಗಟ್ಟಿಯಾಗಿ ಬೆಳಿಗ್ಗೆ ರಸ್ತೆಯೆಲ್ಲ ಕನ್ನಡಿ ಆಗಿರುತ್ತಲ್ಲ, ಆಗ ಕಾರು ನನ್ನ ಮಾತೇ ಕೇಳಲ್ಲ. ರೌಂಡ್‌ಅಬೌಟ್‌ನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೇ ಹೋಗುತ್ತೆ. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ತಕ್ಷಣ ಹಿಂಭಾಗ ಪಕ್ಕಕ್ಕೆ ಸರಿಯಿತು, ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಮಿಣಮಿಣ ಅಂತು. ನಮ್ಮ ಮನೆಯವರು ಇನ್ಮೇಲೆ ಬಸ್ಸೇ ಸಾಕು ಅಂತಿದ್ದಾರೆ. ಪಕ್ಕದ ಮನೆಯವರ ಹಳೇ ಕಾರು ಅದೇ ರಸ್ತೆಯಲ್ಲಿ ಆರಾಮಾಗಿ ಹೋಗುತ್ತೆ. ಅಲೈನ್‌ಮೆಂಟ್ ಮಾಡಿಸಬೇಕಾ, ಸಸ್ಪೆನ್ಷನ್ ಹೋಗಿದೆಯಾ, ಇಲ್ಲ ನನಗೇ ಓಡಿಸೋಕೆ ಬರಲ್ವಾ?

ಉತ್ತರ (ಟೈರ್ ಮೆಕ್ಯಾನಿಕ್, ವೆಸ್ಟೆರೋಸ್):
ಸರ್, ಅಲೈನ್‌ಮೆಂಟ್‌ಗೆ ಈಗಲೇ ದುಡ್ಡು ಸುರಿಯಬೇಡಿ. ಕೆಳಗೆ ಹೋಗಿ ಟೈರ್ ಪಕ್ಕದಲ್ಲಿ ಬರೆದಿರೋದನ್ನ ಓದಿ ಕಳಿಸಿ. ಸೈಜ್, ಅದರ ಮುಂದಿನ ನಂಬರ್ ಮತ್ತು ಅಕ್ಷರ, ಡಾಟ್ (DOT) ಅಂತ ಇರೋ ಸಾಲಿನ ಕೊನೆಯ ನಾಲ್ಕು ಅಂಕಿ. ಮುಂದಿನದ್ದು, ಹಿಂದಿನದ್ದು ಬೇರೆ ಬೇರೆಯಾಗಿ ನೋಡಿ. ಡಾಟ್ ಸಾಲು ಈ ಬದಿ ಪೂರ್ತಿ ಸಿಗದೇ ಹೋದರೆ ಒಳಬದಿಯಲ್ಲಿರುತ್ತೆ, ಮೊಬೈಲ್ ಒಳಗೆ ತೂರಿಸಿ ಫೋಟೋ ತೆಗೀರಿ. ಟ್ರೆಡ್, ಅಂದರೆ ರಬ್ಬರ್ ಮೇಲಿನ ಕಾಲುವೆಗಳ ಆಳ, ಎಷ್ಟು ಮಿಲಿಮೀಟರ್ ಇದೆ, ಗಾಳಿ ಎಷ್ಟಿದೆ ಅನ್ನೋದೂ ಬೇಕು. ಗಾಳಿಯನ್ನ ಕಾರು ಹೊರಗೆ ತಣ್ಣಗೆ ನಿಂತಿರುವಾಗಲೇ ನೋಡಿ.

ಪ್ರಶ್ನೆ ಕೇಳಿದವರು:
ನೋಡಿ ಬಂದೆ ಸರ್, ಹೊರಗೆ ಮೈನಸ್ 12, ಕೈ ಮರಗಟ್ಟಿ ಹೋಯ್ತು. ನಾಲ್ಕೂ 225/45 ಆರ್17, ಅದರ ಪಕ್ಕ 94ವಿ ಅಂತಿದೆ. ಬೆಟ್ಟದೊಳಗೆ ಹಿಮದ ಹೂವಿನ ಚಿತ್ರ ನಾಲ್ಕರಲ್ಲೂ ಇದೆ. ಡಾಟ್ ಮುಂದಿನವಕ್ಕೆ 3421, ಹಿಂದಿನವಕ್ಕೆ 4016. ಟ್ರೆಡ್ ಮುಂದೆ 7 ಮಿ.ಮೀ., ಹಿಂದೆ 4. ಗಾಳಿ 1.9 ಬಾರ್ ತೋರಿಸ್ತು, ಟೈರ್ ಹಾಕಿದ ಕಡೆ 2.3 ತುಂಬಿಸಿದ್ದೀವಿ ಅಂದಿದ್ದರು. ಪಂಕ್ಚರ್ ಇರಬಹುದಾ?

ಉತ್ತರ (ಟೈರ್ ಮೆಕ್ಯಾನಿಕ್):
ಪಂಕ್ಚರ್ ಅಲ್ಲ, ಚಳಿ. ಬೆಚ್ಚಗಿನ ವರ್ಕ್‌ಶಾಪ್ ಒಳಗೆ 20 ಡಿಗ್ರಿಯಲ್ಲಿ ತುಂಬಿದ ಗಾಳಿ ಹೊರಗೆ ಬಂದ ಮೇಲೆ ಪ್ರತಿ 10 ಡಿಗ್ರಿ ಇಳಿಕೆಗೆ ಸುಮಾರು 0.1 ಬಾರ್ ಕಮ್ಮಿ ಆಗುತ್ತೆ. ಮೈನಸ್ 12 ಅಂದರೆ 0.3ಕ್ಕಿಂತ ಜಾಸ್ತಿ ಹೋಯ್ತು, ಉಳಿದದ್ದು ಎರಡು ತಿಂಗಳಲ್ಲಿ ತಾನಾಗೇ ಇಳಿದಿರುತ್ತೆ. ಡ್ರೈವರ್ ಬಾಗಿಲ ಕಂಬದಲ್ಲಿ ಬರೆದಷ್ಟು ತುಂಬಿಸಿ. ಸ್ಟೇರಿಂಗ್ ಸ್ವಲ್ಪ ಚುರುಕಾಗುತ್ತೆ, ಐಸ್ ಮೇಲಿನ ಜಾರಾಟ ಮಾತ್ರ ಇದರಿಂದ ನಿಲ್ಲಲ್ಲ.

ನಿಮ್ಮ ನಿಜವಾದ ತೊಂದರೆ ಆ 'ವಿ' ಅಕ್ಷರದಲ್ಲಿದೆ. ಅದು ಟೈರ್ ತಡೆಯುವ ಅತಿ ಹೆಚ್ಚು ವೇಗ, ವಿ ಅಂದರೆ ಗಂಟೆಗೆ 240 ಕಿ.ಮೀ. ಸ್ವೀಡನ್, ಫಿನ್ಲೆಂಡ್, ನಾರ್ವೆಯ ಚಳಿಗೆ ಅಂತಲೇ ಮಾಡಿದ ಟೈರ್‌ಗಳಲ್ಲಿ ಸಾಮಾನ್ಯವಾಗಿ ಕ್ಯೂ, ಆರ್ ಅಥವಾ ಟಿ ಇರುತ್ತೆ, ಅಂದರೆ 160, 170, 190. ಅವುಗಳ ರಬ್ಬರ್ ತುಂಬಾ ಮೆತ್ತಗೆ, ಅಷ್ಟು ಮೆತ್ತಗಿನ ರಬ್ಬರ್ 240ರ ಬಿಸಿ ತಡೆಯಲ್ಲ. ನಿಮ್ಮದು ಜರ್ಮನಿ ಕಡೆಯ ವಿಂಟರ್ ಟೈರ್. ಮಳೆ, ಕೆಸರು ಹಿಮ, ಆಟೋಬಾನ್ (ಅಲ್ಲಿನ ಹೆದ್ದಾರಿ) ವೇಗ ಇವಕ್ಕೆ ಹೇಳಿ ಮಾಡಿಸಿದ್ದು, ಆ ಊರಿಗೆ ಅದೇ ಸರಿ. ಜರ್ಮನಿಯಲ್ಲಿ ಮೊಳೆ ಟೈರ್‌ಗೆ ಅವಕಾಶವೇ ಇಲ್ಲ ಅನ್ನಬಹುದು, ಅಲ್ಲಿ ಚಳಿಗಾಲ ಅಂದರೆ ಬಹುಪಾಲು ಒದ್ದೆ ರಸ್ತೆ.

ಬೆಟ್ಟ-ಹಿಮದ ಚಿತ್ರ, ಅಂದರೆ ವಿಂಟರ್ ಟೈರ್ ಗುರುತು, ಇದೆಯಲ್ಲ ಅಂತ ನೀವು ಕೇಳ್ತೀರಿ. ಎಲ್ಲರೂ ಕೇಳ್ತಾರೆ. ಆ ಗುರುತು ಕೊಡೋಕೆ ಮಾಡುವ ಪರೀಕ್ಷೆ ತುಳಿದು ಗಟ್ಟಿಯಾದ ಹಿಮದ ಮೇಲೆ ಮಾತ್ರ, ಐಸ್ ಮೇಲೆ ಅಲ್ಲವೇ ಅಲ್ಲ. ಹಿಮಕ್ಕೆ ಟೈರ್‌ನ ಬ್ಲಾಕ್‌ಗಳು ಕಚ್ಚಿಕೊಳ್ಳುತ್ತವೆ, ಬ್ಲಾಕ್‌ಗಳ ಮಧ್ಯೆ ಸಿಕ್ಕ ಹಿಮ ರಸ್ತೆಯ ಹಿಮಕ್ಕೆ ಅಂಟುತ್ತೆ. ಐಸ್‌ನಲ್ಲಿ ಕಚ್ಚೋಕೆ ಏನೂ ಇಲ್ಲ, ರಬ್ಬರ್ ಎಷ್ಟು ಮೆತ್ತಗಿದೆ, ಅದರಲ್ಲಿ ಸಣ್ಣ ಗೀರುಗಳು ಎಷ್ಟಿವೆ ಅನ್ನೋದರ ಮೇಲೇ ಎಲ್ಲ. ಐಸ್‌ಗೆ ಬೇರೆಯೇ ಗುರುತಿದೆ, 2021ರ ಮೇ ತಿಂಗಳಿಂದ ಯುರೋಪಿನ ಟೈರ್ ಲೇಬಲ್‌ನಲ್ಲಿ ಹಾಕ್ತಾರೆ. ಪಕ್ಕದ ಮನೆಯವರನ್ನ ಕೇಳಿ ಅವರ ಟೈರ್‌ಗೆ ಹೆಬ್ಬೆರಳಿನ ಉಗುರು ಒತ್ತಿ ನೋಡಿ, ಆಮೇಲೆ ನಿಮ್ಮದಕ್ಕೆ ಒತ್ತಿ. ಅವರದ್ದರಲ್ಲಿ ಉಗುರು ಇಳಿಯುತ್ತೆ. ನಿಮ್ಮ ಹಿಂದಿನ ಟೈರ್‌ನಲ್ಲಿ ಗೀರೂ ಬೀಳಲ್ಲ ಅಂತ ನನ್ನ ಅಂದಾಜು.

ಯಾಕಂದ್ರೆ 4016 ಅಂದರೆ 2016ರ 40ನೇ ವಾರ. ಅಷ್ಟು ಹಳೇ ರಬ್ಬರ್ ಒಣಗಿ ಗಟ್ಟಿಯಾಗಿರುತ್ತೆ. ಕಾನೂನಿಗೆ ಇಲ್ಲಿ 3 ಮಿ.ಮೀ. ಸಾಕು, ನಿಮಗೆ 4 ಇದೆ, ದಂಡ ಹಾಕಲ್ಲ. ಆದರೆ ಎಷ್ಟೋ ಟೈರ್‌ಗಳಲ್ಲಿ ಆ ಸಣ್ಣ ಗೀರುಗಳು ತಳದವರೆಗೆ ಇರಲ್ಲ, ಅರ್ಧ ಸವೆಯುವಷ್ಟರಲ್ಲಿ ಕೆಲವು ಮಾಯ. ಮುಂದೆ ಹೊಸದು, ಹಿಂದೆ ಹಳೆಯದು ಹಾಕಿದ್ದೇ ನಿಮ್ಮ ಹಿಂಭಾಗ ಸರಿಯೋದಕ್ಕೆ ಕಾರಣ. ತಿರುವಿನಲ್ಲಿ ಕಾಲು ತೆಗೆದ ಕೂಡಲೇ ಭಾರ ಮುಂದಕ್ಕೆ ಬರುತ್ತೆ, ಹಿಂದಿನ ಗಾಲಿ ಹಗುರ ಆಗುತ್ತೆ, ಅಲ್ಲಿರೋದು ಗಟ್ಟಿ ಟೈರ್. ಇನ್ನೇನಾಗಬೇಕು ಹೇಳಿ! ಇಂಜಿನ್ ಎಳೆಯೋದು ಮುಂದಿನ ಗಾಲಿ, ಹೊಸ ಟೈರ್ ಅಲ್ಲೇ ಇರಲಿ ಅಂತ ಜನ ಹಟ ಮಾಡ್ತಾರೆ. ದಿನಾ ಈ ಜಗಳ ಇದ್ದದ್ದೇ. ಯಾವ ಗಾಲಿ ಎಳೆಯುವ ಕಾರೇ ಆಗಲಿ, ಚೆನ್ನಾಗಿರೋ ಜೋಡಿ ಹಿಂದೆ ಇರಬೇಕು. ಮೂತಿ ಜಾರಿದರೆ ವೇಗ ಇಳಿಸಿ ಹೇಗೋ ಸುಧಾರಿಸಬಹುದು, ಬಾಲ ಜಾರಿದರೆ ಬಹಳ ಜನರ ಕೈಲಿ ಆಗಲ್ಲ.

ಲುಲಿಯೋದಿಂದ (ಉತ್ತರ ಸ್ವೀಡನ್) ಒಬ್ಬರು:
ಟೈರ್ ಟೈರ್ ಅಂತ ಸುಮ್ನೆ ಖರ್ಚು ಮಾಡಿಸ್ತೀರಿ. ನಾವು ಇಲ್ಲಿ ಮೈನಸ್ 20ರಲ್ಲಿ ಎಂಥೆಂಥದೋ ಟೈರ್ ಹಾಕ್ಕೊಂಡು ಓಡಿಸ್ತೀವಿ. ನಿಧಾನ ಹೋದರೆ ಏನೂ ಆಗಲ್ಲ.

ಉತ್ತರ (ಟೈರ್ ಮೆಕ್ಯಾನಿಕ್):
ನಿಧಾನ ಹೋಗಿ ಅನ್ನೋದು ನೂರಕ್ಕೆ ನೂರು ಸರಿ ಅಣ್ಣ. 50ರಲ್ಲಿ ಹೋಗ್ತಾ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ 12-13 ಮೀಟರ್‌ಗೆ ಕಾರು ನಿಲ್ಲುತ್ತೆ. ಐಸ್ ಮೇಲೆ ಹಿಡಿತ ಅದರ ಎಂಟನೇ ಒಂದು ಪಾಲು ಅಂತ ಲೆಕ್ಕ ಹಾಕಿದರೆ ಸುಮಾರು 100 ಮೀಟರ್ ಬೇಕು. ಅದನ್ನೇ 30ಕ್ಕೆ ಇಳಿಸಿದರೆ 35 ಮೀಟರ್. ಯಾವ ಟೈರೂ ಕೊಡದಷ್ಟು ಲಾಭ ಅದು. ಆದರೆ ನಿಮ್ಮ ಮೈನಸ್ 20ರ ಐಸ್ ಒಣಗಿದ್ದು, ಒರಟು, ಅದರ ಮೇಲೆ ಹಿಡಿತ ಸಿಗುತ್ತೆ. ಉಪ್ಸಾಲಾ, ಸ್ಟಾಕ್‌ಹೋಮ್ ಕಡೆ ಚಳಿಗಾಲ ಸೊನ್ನೆಯ ಆಚೆ ಈಚೆ ಓಲಾಡ್ತಾ ಇರುತ್ತೆ, ಐಸ್ ಮೇಲೆ ತೆಳ್ಳಗೆ ನೀರು ನಿಂತಿರುತ್ತೆ. ಮೈನಸ್ 1ರ ಆ ಐಸ್ ನಿಮ್ಮದಕ್ಕಿಂತ ಎಷ್ಟೋ ಕೆಟ್ಟದ್ದು.

ಪ್ರಶ್ನೆ (ಸ್ಟಾಕ್‌ಹೋಮ್):
ಹಾಗಾದರೆ ಮೊಳೆ ಟೈರೇ ಹಾಕಿಸಿಬಿಡಬಹುದಲ್ಲ?

ಉತ್ತರ (ಟೈರ್ ಮೆಕ್ಯಾನಿಕ್):
ಒದ್ದೆ ಐಸ್‌ಗೆ ಮೊಳೆಗಿಂತ ಒಳ್ಳೆಯದು ಇಲ್ಲ. ಅಕ್ಟೋಬರ್ 1ರಿಂದ ಏಪ್ರಿಲ್ 15ರವರೆಗೆ ಅನುಮತಿ ಇದೆ. ಆದರೆ ನಿಮ್ಮ ಊರಲ್ಲಿ ಹೋರ್ನ್ಸ್‌ಗಾಟನ್ ರಸ್ತೆಯಲ್ಲಿ ಮೊಳೆ ಟೈರ್ ನಿಷೇಧ, 2010ರಿಂದಲೇ. ಮೊಳೆ ಡಾಂಬರನ್ನ ಕೆರೆದು ಧೂಳೆಬ್ಬಿಸುತ್ತೆ, ಅದಕ್ಕೆ. ದಿನಾ ಹಳ್ಳಿ ರಸ್ತೆಯಲ್ಲಿ ಕತ್ತಲಲ್ಲಿ ಓಡಾಡುವವರಾದರೆ ಮೊಳೆ ಹಾಕಿಸಿ ಅಂತೀನಿ. ಪೇಟೆಯಲ್ಲಿ, ಉಪ್ಪು ಹಾಕಿದ ದೊಡ್ಡ ರಸ್ತೆಯಲ್ಲಿ ಓಡಾಟ ಜಾಸ್ತಿ ಇದ್ದರೆ ಇಲ್ಲಿನ ಮೆತ್ತಗಿನ ಮೊಳೆ ಇಲ್ಲದ ಟೈರ್ ಸಾಕು, ಸದ್ದೂ ಕಮ್ಮಿ. ಹೊಸ ಮೊಳೆ ಟೈರ್ ಹಾಕಿದರೆ ಮೊದಲ ಕೆಲವು ನೂರು ಕಿ.ಮೀ. ಗಟ್ಟಿಯಾಗಿ ಬ್ರೇಕ್ ಹೊಡೀಬೇಡಿ, ಜೋರಾಗಿ ಎಳೆಸಬೇಡಿ, ಮೊಳೆ ಕೂರಬೇಕು.

ಪ್ರಶ್ನೆ (ಲಿನ್‌ಶೋಪಿಂಗ್):
ನಮ್ಮದು ಎಲೆಕ್ಟ್ರಿಕ್ ಕಾರು, ಹಿಂದಿನ ಗಾಲಿ ಎಳೆಯೋದು. ಟೈರ್ ಹೊಸದು, ಇಲ್ಲಿನದ್ದೇ. ಆದರೂ ಇಳಿಜಾರಲ್ಲಿ ಪೆಡಲ್ ಬಿಟ್ಟರೆ ಹಿಂದೆ ಒಂಥರಾ ತೇಲಿದ ಹಾಗಾಗುತ್ತೆ. ಬ್ರೇಕ್ ಮುಟ್ಟಿರೋದೇ ಇಲ್ಲ.

ಉತ್ತರ (ಟೈರ್ ಮೆಕ್ಯಾನಿಕ್):
ನೀವು ಮುಟ್ಟಿಲ್ಲ ಮೇಡಂ, ಕಾರು ಮುಟ್ಟುತ್ತೆ. ಪೆಡಲ್ ಬಿಟ್ಟ ತಕ್ಷಣ ಮೋಟಾರ್ ಬ್ಯಾಟರಿ ಚಾರ್ಜ್ ಮಾಡೋಕೆ ಶುರು ಮಾಡಿ ಹಿಂದಿನ ಎರಡು ಗಾಲಿಯನ್ನಷ್ಟೇ ತಡೆಯುತ್ತೆ, ಐಸ್ ಮೇಲೆ ಹ್ಯಾಂಡ್‌ಬ್ರೇಕ್ ಸ್ವಲ್ಪ ಎಳೆದ ಹಾಗೆ. ಸೆಟ್ಟಿಂಗ್‌ನಲ್ಲಿ ರೀಜನರೇಷನ್ ಕಮ್ಮಿ ಮಾಡುವ ಆಯ್ಕೆ ಇದ್ದರೆ ಐಸ್ ಇರುವ ದಿನ ಕಮ್ಮಿಗೆ ಇಡಿ. ಇಲ್ಲದಿದ್ದರೆ ಪೆಡಲ್ ಒಮ್ಮೆಲೇ ಬಿಡದೆ ನಿಧಾನಕ್ಕೆ ಬಿಡಿ. ರೇಂಜ್ ನಾಲ್ಕು ಕಿ.ಮೀ. ಕಮ್ಮಿ ಆದರೆ ಆಗಲಿ.

ಪ್ರಶ್ನೆ ಕೇಳಿದವರು (ಉಪ್ಸಾಲಾ):
ಸರ್, ಉಗುರು ಪರೀಕ್ಷೆ ಮಾಡಿದೆ. ನೀವು ಹೇಳಿದ ಹಾಗೇ, ಹಿಂದಿನದ್ದು ಕಲ್ಲು. ಈಗ ಹಿಂದಿನ ಎರಡು ಮಾತ್ರ ಬದಲಾಯಿಸಿದರೆ ಸಾಕಾ? ನಾನಿನ್ನೂ ಇಂಡಿಯಾ ಲೈಸೆನ್ಸ್‌ನಲ್ಲೇ ಓಡಿಸ್ತಿದ್ದೀನಿ, ಹಾಗಾಗಿ ಐಸ್ ಮೇಲೆ ಕಲಿತಿರೋದು ಸೊನ್ನೆ.

ಉತ್ತರ (ಟೈರ್ ಮೆಕ್ಯಾನಿಕ್):
ಎರಡು ಬೇಡ. ಹಿಂದೆ ಮೆತ್ತಗಿನದು, ಮುಂದೆ ಜರ್ಮನಿಯದು ಅಂದರೆ ಮೂತಿ ಇನ್ನೂ ನೆಟ್ಟಗೆ ಹೋಗುತ್ತೆ. ನಾಲ್ಕೂ ಒಂದೇ ಥರದ್ದು ಹಾಕಿಸಿ. ನಿಮ್ಮ ಕಾರಿಗೆ 205/55 ಆರ್16 ಒಪ್ಪುತ್ತಾ ಅಂತ ಅಂಗಡಿಯಲ್ಲಿ ಕೇಳಿ. ಎತ್ತರ ಹೆಚ್ಚುಕಮ್ಮಿ ಅಷ್ಟೇ, ಅಗಲ ಕಮ್ಮಿ, ಬೆಲೆಯೂ ಕಮ್ಮಿ, ಕೆಸರು ಹಿಮವನ್ನ ಚೆನ್ನಾಗಿ ಸೀಳುತ್ತೆ. ಬ್ರೇಕ್ ಡಿಸ್ಕ್ ದೊಡ್ಡದಿದ್ದರೆ 16 ಇಂಚಿನ ರಿಮ್ ಕೂರಲ್ಲ, ಅದನ್ನ ಮೊದಲೇ ನೋಡಿಸಿ. ತೆಗೆದ ಮುಂದಿನ ಜೋಡಿಯನ್ನ ಮಾರಿ, ದಕ್ಷಿಣದ ಮಾಲ್ಮೋ ಕಡೆಯವರು ತಗೊಳ್ತಾರೆ.

ಲೈಸೆನ್ಸ್ ವಿಷಯ: ಇಲ್ಲಿ ವಾಸ ನೋಂದಾಯಿಸಿ ಒಂದು ವರ್ಷ ಆದ ಮೇಲೆ ಇಂಡಿಯಾದ್ದು ನಡೆಯಲ್ಲ, ಸ್ವೀಡನ್ ಲೈಸೆನ್ಸ್ ಮಾಡಿಸಲೇಬೇಕು. ಅದಕ್ಕೆ ಜಾರು ಟ್ರ್ಯಾಕ್‌ನ ತರಬೇತಿ ಕಡ್ಡಾಯ, ಹೇಗೂ ಮಾಡಬೇಕಾದ್ದು, ಈ ಚಳಿಗಾಲದಲ್ಲೇ ಮುಗಿಸಿ. ಅಲ್ಲಿಯವರೆಗೆ ಬೆಳಿಗ್ಗೆ ಖಾಲಿ ರಸ್ತೆ ಸಿಕ್ಕಾಗ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು 20ರ ವೇಗದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ. ಎಬಿಎಸ್ (ಬ್ರೇಕ್ ಒತ್ತಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಾಲಿನಡಿ ಗಡಗಡ ಅಂದರೂ ಕಾಲು ತೆಗೀಬೇಡಿ, ಒತ್ತೇ ಹಿಡಿರಿ. ಆ ದಿನ ರಸ್ತೆ ಹೇಗಿದೆ ಅಂತ ಅದೇ ಹೇಳುತ್ತೆ.

ಟೈರ್ ಹಾಕಿಸಿದ ಮೇಲೆ 50-100 ಕಿ.ಮೀ. ಓಡಿಸಿ ಮತ್ತೆ ಹೋಗಿ ಬೋಲ್ಟ್ ಟೈಟ್ ಮಾಡಿಸಿ. ಇದಕ್ಕೆ ಬಹಳ ಕಡೆ ದುಡ್ಡು ಕೇಳಲ್ಲ, ಆದರೂ ಅರ್ಧ ಜನ ಬರೋದೇ ಇಲ್ಲ.